ಪಿಜಿಯ ಹೊಸ ಹುಡುಗಿಯರ ಜ್ವರವನ್ನು ಮೊದಲ ದಿನವೇ ಹಿಡಿದದ್ದು ಹೀಗೆ

ಧಾರವಾಡದ ಸಪ್ತಾಪುರದಲ್ಲಿ ಹುಡುಗಿಯರ ಪಿಜಿ ನಡೆಸುತ್ತೇನೆ. ನಲವತ್ತರ ಆಸುಪಾಸು ಹುಡುಗಿಯರು, ಅರ್ಧಕ್ಕಿಂತ ಜಾಸ್ತಿ ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯವರು. ಈ ಕೆಲಸದಲ್ಲಿರುವವರಿಗೆ ಜೂನ್‌ನಿಂದ ಆಗಸ್ಟ್‌ವರೆಗಿನ ಕಥೆ ಹೇಳಬೇಕಾಗಿಲ್ಲ. ಬಿಸಿಲ ಸೀಮೆಯ ಮಕ್ಕಳು, ಇಲ್ಲಿಯ ಜಿಟಿಜಿಟಿ ಮಳೆ, ಒಣಗದ ಬಟ್ಟೆ, ಹೊಸ ನೀರು. ಬಂದು ತಿಂಗಳಾಗುವುದರೊಳಗೆ ಒಬ್ಬರಾದ ಮೇಲೆ ಒಬ್ಬರು ಮಲಗುತ್ತಾರೆ. ಕಳೆದ ಎರಡು ಮಳೆಗಾಲದಲ್ಲಿ ಕಾಯಿಲೆ ಬಂತು ಅಂತ ನಮ್ಮಲ್ಲಿಂದ ಒಬ್ಬ ಹುಡುಗಿಯೂ ಕಾಲೇಜು ಬಿಟ್ಟು ಹೋಗಿಲ್ಲ. ಇದು ಆಗುವ ಮಾತಲ್ಲ ಅಂದವರು ನಮ್ಮ ಓಣಿಯಲ್ಲೇ ಬಹಳ ಜನ ಇದ್ದರು. ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಹೊಸದಾಗಿ ಬಂದ ಹುಡುಗಿ ಜ್ವರ ಮುಚ್ಚಿಡುತ್ತಾಳೆ. ಮನೆಗೆ ಗೊತ್ತಾದರೆ ಅಪ್ಪ ಬಂದು ಕರೆದುಕೊಂಡು ಹೋಗುತ್ತಾರೆ, ಹೋದರೆ ವಾಪಸ್ ಕಳಿಸುತ್ತಾರೋ ಇಲ್ಲವೋ, ಅದೇ ಭಯ. ಎಷ್ಟೋ ಮನೆಗಳಲ್ಲಿ ದೂರದ ಊರಿನ ಓದು ಬೇಡವೇ ಬೇಡ ಅಂದಿರುತ್ತಾರೆ, ಅತ್ತು ಕರೆದು ಹಟ ಮಾಡಿ ಬಂದಿರುತ್ತಾಳೆ. ಹಾಗಾಗಿ ಕೇಳಿದರೆ "ಏನಿಲ್ಲರೀ ಆಂಟಿ, ತಲಿ ಅಷ್ಟ ನೋಯ್ತದ" ಅಂತ ಚಾದರ ಎಳೆದುಕೊಳ್ಳುತ್ತಾಳೆ. ನಮಗೆ ಗೊತ್ತಾಗುವುದು ಮೂರನೇ ದಿನ, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಾಗ. ಆಮೇಲೆ ಆಸ್ಪತ್ರೆ, ಸಲೈನ್, ಗಾಬರಿಯಾದ ತಂದೆತಾಯಿ. ಅಷ್ಟರಲ್ಲಿ ಬ್ಯಾಗು ಕಟ್ಟಿ ಆಗಿರುತ್ತದೆ.

ಏನೇನು ಮಾಡಿ ನೋಡಿದೆ ಅಂದರೆ, ಒಂದು ವರ್ಷ ತಿಂಗಳಿಗೊಮ್ಮೆ ಡಾಕ್ಟರನ್ನು ಪಿಜಿಗೇ ಕರೆಸಿದೆ. ಸಲಕ್ಕೆ 1,500 ರೂಪಾಯಿಯಷ್ಟು ಹೋಗುತ್ತಿತ್ತು. ಗಟ್ಟಿಮುಟ್ಟಾದವರೆಲ್ಲ ಸಾಲಿನಲ್ಲಿ ನಿಂತು ಬಿಪಿ ನೋಡಿಸಿಕೊಂಡರು, ಮೈ ಸುಡುತ್ತಿದ್ದವಳು ಮೇಲಿನ ಖೋಲಿಯಲ್ಲಿ ಮಲಗಿಯೇ ಇದ್ದಳು. ವಾಟ್ಸಾಪ್ ಗುಂಪು ಮಾಡಿ "ಆರಾಮಿಲ್ಲದವರು ಹೇಳಿ" ಎಂದೆ, ನಲವತ್ತು ಜನ ನೋಡುವ ಕಡೆ ಯಾರು ಹೇಳುತ್ತಾರೆ? ಪಡಸಾಲೆಯಲ್ಲಿ ಔಷಧಿ ಡಬ್ಬಿ ಇಟ್ಟಿದ್ದು ಎಲ್ಲಕ್ಕಿಂತ ಕೆಟ್ಟದ್ದು. ನೋವಿನ ಮಾತ್ರೆ ಒಂದು ವಾರದಲ್ಲಿ ಖಾಲಿ. ಯಾರು ತಿಂದರು, ಯಾಕೆ ತಿಂದರು, ಗೊತ್ತಿಲ್ಲ. ಹಣೆಗೆ ಹಿಡಿಯುವ ಗನ್ ಥರ್ಮಾಮೀಟರ್‌ಗೂ ಎರಡು ಸಾವಿರದ ಹತ್ತಿರ ಹಾಕಿದೆ. ಮಳೆಯಲ್ಲಿ ನೆನೆದು ಬಂದವಳ ತಣ್ಣಗಿನ ಹಣೆಗೆ ಹಿಡಿದರೆ ಅದು ಕಡಿಮೆಯೇ ತೋರಿಸುತ್ತದೆ. ಕಂಕುಳಲ್ಲಿ ಇಡುವ ಇನ್ನೂರು ಚಿಲ್ಲರೆಯ ಡಿಜಿಟಲ್ ಥರ್ಮಾಮೀಟರೇ ಸಾಕು.

ಕೊನೆಗೆ ಕೆಲಸಕ್ಕೆ ಬಂದದ್ದು ತಟ್ಟೆ. ಮೈ ಸರಿಯಿಲ್ಲದವಳು ಬಾಯಿಯಲ್ಲಿ ಏನೇ ಹೇಳಲಿ, ಊಟ ಹೋಗುವುದಿಲ್ಲ. ನಮ್ಮ ಅಡುಗೆ ಅಕ್ಕನಿಗೆ ಒಂದು ನೂರು ಪೇಜಿನ ನೋಟ್‌ಬುಕ್ ಕೊಟ್ಟೆ. ಹೆಸರು ಬೇಡ, ಕಾಟಿನ ನಂಬರ್ ಸಾಕು. ದಿನಕ್ಕೊಂದು ಪುಟ, ಪ್ರತಿ ನಂಬರಿನ ಮುಂದೆ ಮೂರು ಚೌಕ. ಊಟಕ್ಕೆ ಬರಲಿಲ್ಲ ಅಥವಾ ರೊಟ್ಟಿ ಮುರಿದು ಹಾಗೇ ಬಿಟ್ಟಳು ಅಂದರೆ ಅಡ್ಡಗೆರೆ. ಸಾಲಾಗಿ ಎರಡು ಅಡ್ಡಗೆರೆ ಬಂತೋ, ಅವತ್ತೇ ಅವಳನ್ನು ಅಡುಗೆಮನೆಗೆ ಕರೆಸಿ ಥರ್ಮಾಮೀಟರ್ ಇಡುತ್ತೇನೆ. ಗೆಳತಿಯರ ಎದುರಿಗೆ ಯಾವತ್ತೂ ಇಲ್ಲ. ಯಾವ ನೆಪದಲ್ಲಿ ಕರೆಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಹುಡುಗಿಯರು ಓದಿಬಿಟ್ಟರೆ ಕೆಲಸ ಕೆಡುತ್ತದೆ. ಅಕ್ಕನಿಗೆ ಇದಕ್ಕೆಂದೇ ತಿಂಗಳಿಗೆ 1,000 ಜಾಸ್ತಿ ಕೊಡುತ್ತೇನೆ. ಇಡೀ ಪಿಜಿಯಲ್ಲಿ ನಾನು ಖರ್ಚು ಮಾಡುವ ಹಣದಲ್ಲಿ ಇದೇ ಎಲ್ಲಕ್ಕಿಂತ ಚೆನ್ನಾಗಿ ದುಡಿಯುತ್ತದೆ. ಈಗ ಹೆಚ್ಚುಕಡಿಮೆ ಎಲ್ಲ ಜ್ವರವೂ ಒಂದು ದಿನದೊಳಗೆ ಕೈಗೆ ಸಿಗುತ್ತದೆ.

ಈ ನೋಟ್‌ಬುಕ್ ಇನ್ನೊಂದನ್ನೂ ಹಿಡಿಯಿತು. ಅಡ್ಡಗೆರೆ ಮೇಲೆ ಅಡ್ಡಗೆರೆ, ಮೈ ಮಾತ್ರ ತಣ್ಣಗೆ. ಮನೆ ನೆನಪು. ಅಂಥವಳನ್ನು ಅಕ್ಕನ ಜೊತೆ ರೊಟ್ಟಿ ಬಡಿಯಲು ಕೂರಿಸುತ್ತೇನೆ, ನಾಲ್ಕು ದಿನದಲ್ಲಿ ಸುಮಾರು ಜನ ಸರಿಹೋಗುತ್ತಾರೆ. ಸರಿಹೋಗದೆ ನಿದ್ದೆಯನ್ನೂ ಬಿಟ್ಟವಳಿಗೆ 14416ಕ್ಕೆ ಫೋನ್ ಹಚ್ಚಿಕೊಡುತ್ತೇನೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಅದು, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಜ್ವರ ಸಿಕ್ಕ ಮೇಲಿನದು ನಿಮಗೆ ಗೊತ್ತಿರುವುದೇ. ನಮ್ಮಲ್ಲಿ ಕಟ್ಟುನಿಟ್ಟಾದದ್ದು ಎರಡು. ಡಾಕ್ಟರ್ ನೋಡಿ ಡೆಂಗಿ ಅಲ್ಲ ಅನ್ನುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಇಲ್ಲ. ಐಬುಪ್ರೊಫೆನ್, ಆಸ್ಪಿರಿನ್‌ಗಳಿಂದ ಡೆಂಗಿಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಎರಡನೆಯದು, ಡೆಂಗಿ ಅಂತ ಬಂದರೆ ಜ್ವರ ಇಳಿದ ದಿನದಿಂದಲೇ ಕಾವಲು ಶುರು. ಜ್ವರ ಹೋಯಿತು, ಕಾಲೇಜಿಗೆ ಹೋಗ್ತೀನಿ ಅಂತ ಎದ್ದು ಕೂರುತ್ತಾರೆ, ಆದರೆ ಆಗಲೇ ಕೈಕೊಡುವುದು. ಹೊಟ್ಟೆ ಜೋರಾಗಿ ನೋಯುವುದು, ಬಿಡದೆ ವಾಂತಿ, ವಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಇದರಲ್ಲಿ ಒಂದು ಕಂಡರೂ ರಾತ್ರಿ ಎರಡಾಗಿರಲಿ, ಆಸ್ಪತ್ರೆಗೆ ಹೊರಡುವುದೇ. ಆಟೋ ಅಣ್ಣ ಸಿಗಲಿಲ್ಲ ಅಂದರೆ 108. ಟೆಸ್ಟಿನ ವಿಷಯದಲ್ಲಿ ಒಂದು ಲ್ಯಾಬ್ ನಮ್ಮ ಹುಡುಗಿಯಿಂದ ಎರಡು ಪಟ್ಟಿಗಿಂತ ಜಾಸ್ತಿ ಕೇಳಿತ್ತು. ಎನ್‌ಎಸ್1 ಎಲೈಸಾ ಅನ್ನುವ ಡೆಂಗಿ ಟೆಸ್ಟಿಗೆ 300 ರೂಪಾಯಿ ಅಂತ ಸರ್ಕಾರ 2024ರಲ್ಲೇ ದರ ಕಟ್ಟಿದೆ. ಆ ಆದೇಶ ಫೋನಿನಲ್ಲಿ ಇಟ್ಟುಕೊಂಡಿದ್ದೆ, ತೋರಿಸಿದೆ, ಇಳಿಸಿದರು.

ಓಆರ್‌ಎಸ್ ಬಗ್ಗೆಯೂ ಸ್ವಲ್ಪ ಪ್ರಯೋಗ ಮಾಡಿದ್ದೇನೆ. ಪ್ಯಾಕೆಟ್ ಕೈಗೆ ಕೊಟ್ಟರೆ ಹುಡುಗಿಯರು ಅರ್ಧ ಪುಡಿಯನ್ನು ಒಂದು ಲೋಟಕ್ಕೆ ಸುರಿದು, ಉಪ್ಪುಪ್ಪು ಅಂತ ಚೆಲ್ಲುತ್ತಾರೆ. ಈಗ ಸರಿಯಾಗಿ ಒಂದು ಲೀಟರ್ ಹಿಡಿಯುವ ಸ್ಟೀಲಿನ ಬಾಟಲಿಗಳನ್ನು ತಂದಿಟ್ಟಿದ್ದೇನೆ. ಒಂದು ಲೀಟರಿನ ಇಡೀ ಪ್ಯಾಕೆಟ್ ಅದಕ್ಕೆ, ಕಾಯಿಸಿ ಆರಿಸಿದ ನೀರು ಕುತ್ತಿಗೆಯವರೆಗೆ, ಮರುದಿನಕ್ಕೆ ಉಳಿದರೆ ಚೆಲ್ಲುವುದು. ಓಆರ್‌ಎಸ್ ಅಂತ ಅಂಗಡಿಯಲ್ಲಿ ಮಾರುತ್ತಿದ್ದ ಸಿಹಿ ಟೆಟ್ರಾ ಪ್ಯಾಕ್ ಜ್ಯೂಸನ್ನು ನಾನು ಮೊದಲೇ ನಿಲ್ಲಿಸಿದ್ದೆ. ಸೂತ್ರದಂತೆ ಇಲ್ಲದ ಪಾನೀಯಗಳಿಗೆ ಓಆರ್‌ಎಸ್ ಅನ್ನುವ ಹೆಸರು ಹಾಕಬಾರದು ಅಂತ 2025ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೂಡ ಹೇಳಿತು.

ಊಟಕ್ಕೆ ಎಲ್ಲರೂ ಬ್ರೆಡ್ಡು ಹಾಲು ಕೊಡುತ್ತಾರೆ. ವಿಜಯಪುರದ ಹುಡುಗಿಗೆ ಜ್ವರದಲ್ಲಿ ಬ್ರೆಡ್ಡು ಗಂಟಲಿಗಿಳಿಯುವುದಿಲ್ಲ. ಮನೆಯಲ್ಲಿ ಆರಾಮಿಲ್ಲದಾಗ ಏನು ತಿನ್ನುತ್ತಾಳೆ ಅಂತ ಅಡ್ಮಿಷನ್ ದಿನವೇ ಅವರಮ್ಮನನ್ನು ಕೇಳಿ ಫಾರ್ಮಿನಲ್ಲಿ ಬರೆದುಕೊಳ್ಳುತ್ತೇನೆ. ಒಬ್ಬಳಿಗೆ ಜೋಳದ ನುಚ್ಚು ಮಜ್ಜಿಗೆ, ಇನ್ನೊಬ್ಬಳಿಗೆ ಮೆತ್ತನೆ ಅನ್ನ ತಿಳಿಸಾರು. ನಮ್ಮ ಅಕ್ಕ ಗಂಜಿಗೆ ಹಾಕುವ ಒಗ್ಗರಣೆ ಅವಳ ಆಸ್ತಿ, ಅದನ್ನು ನಾನು ಹೇಳಲಾರೆ.

ಇನ್ನು ಎಲ್ಲರೂ ಬೇಡ ಅಂದ ವಿಷಯ. ಕೆಳಗಿನ ಎರಡು ಕಾಟಿನ ಖೋಲಿಯನ್ನು ಜ್ವರದ ಖೋಲಿ ಮಾಡಿದೆ. ಒಂದು ಕಾಟು ಹುಡುಗಿಗೆ. ಇನ್ನೊಂದು ಅವಳ ಅಮ್ಮನಿಗೆ, ಊಟದ ಸಮೇತ, ದುಡ್ಡು ತೆಗೆದುಕೊಳ್ಳದೆ. ಪಕ್ಕದ ಪಿಜಿಯವರು "ಏನ್ರೀ ಅಕ್ಕಾರ, ಪಿಜಿ ನಡಸ್ತೀರೋ ಧರ್ಮಛತ್ರ ನಡಸ್ತೀರೋ" ಅಂದರು. ಒಂದು ಕಾಟಿಗೆ ತಿಂಗಳಿಗೆ ಐದೂವರೆ ಸಾವಿರ ಹಿಡಿದರೂ ತಿಂಗಳಿಗೆ ಹನ್ನೊಂದು ಸಾವಿರ, ವರ್ಷಕ್ಕೆ ಒಂದು ಲಕ್ಷ ಮೂವತ್ತೆರಡು ಸಾವಿರ ಬಿಟ್ಟಂತೆ, ನಿಜ. ಆದರೆ ಮೊದಲು ಪ್ರತಿ ಆಗಸ್ಟ್‌ನಲ್ಲಿ ಮೂರೋ ನಾಲ್ಕೋ ಹುಡುಗಿಯರು ಬಿಟ್ಟುಹೋಗಿ ಆ ಕಾಟುಗಳು ಮುಂದಿನ ಜೂನ್‌ವರೆಗೆ ಖಾಲಿ ಬೀಳುತ್ತಿದ್ದವು, ಹತ್ತಿರ ಹತ್ತಿರ ಎರಡು ಲಕ್ಷ ಹೋಗುತ್ತಿತ್ತು.

ಮನೆಗೆ ಫೋನ್ ಮಾಡುವುದಕ್ಕೂ ಒಂದು ಕ್ರಮ ಇದೆ. ಹುಡುಗಿ ಒಂದಿಷ್ಟು ಉಂಡ ಮೇಲೆಯೇ ಮಾಡುತ್ತೇನೆ. "ಅಣ್ಣಾರ, ನಿಮ್ಮ ಮಗಳು ಈಗ ನುಚ್ಚು ಮಜ್ಜಿಗಿ ಉಂಡು ಕುಂತಾಳ. ಮುಂಜಾನೆ ಡಾಕ್ಟರ್ ನೋಡ್ಯಾರ. ಜ್ವರ ನೂರಾ ಒಂದ್ ಐತಿ, ಗುಳಿಗಿ ಕೊಟ್ಟಾರ. ತಗೋರಿ, ಆಕಿನ ಮಾತಾಡ್ತಾಳ. ಅವ್ವಾರನ್ನ ಕಳಸ್ರಿ, ಇಲ್ಲೇ ಮಲಗಾಕ ಜಾಗಾ ಐತಿ." ಜ್ವರ ಎಷ್ಟಿದೆಯೋ ಅಷ್ಟೇ ಹೇಳುತ್ತೇನೆ, ಒಂದು ಡಿಗ್ರಿಯನ್ನೂ ಮುಚ್ಚಿಡುವುದಿಲ್ಲ. ಜಾಗ ಇದೆ ಅಂದ ತಕ್ಷಣ ಅರ್ಧ ಗಾಬರಿ ಇಳಿಯುತ್ತದೆ. ಮೊದಲ ವರ್ಷ ಲಿಂಗಸುಗೂರು ಕಡೆಯ ಒಬ್ಬ ತಾಯಿ ರಾತ್ರಿ ಬಸ್ಸಿಗೆ ಬಂದರು. ಕರೆದುಕೊಂಡು ಹೋಗಬೇಕೆಂದೇ ಬಂದಿದ್ದರು, ಖಾಲಿ ಚೀಲ ಕೂಡ ತಂದಿದ್ದರು. ಎರಡು ರಾತ್ರಿ ಮಗಳ ಪಕ್ಕದಲ್ಲಿ ಮಲಗಿದರು. ಜ್ವರ ಬರೆದಿಟ್ಟ ಚೀಟಿ ನೋಡಿದರು, ಡಾಕ್ಟರ ಹತ್ತಿರ ತಾವೇ ಹೋಗಿ ಬಂದರು, ನಮ್ಮ ಅಕ್ಕನ ಜೊತೆ ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿದರು. ಮೂರನೇ ದಿನ ಒಬ್ಬರೇ ವಾಪಸ್ ಹೋದರು. ಈ ವರ್ಷ ಅದೇ ಊರಿನಿಂದ ಇನ್ನಿಬ್ಬರು ಹುಡುಗಿಯರು ಬಂದಿದ್ದಾರೆ, ಆ ತಾಯಿಯೇ ಕಳಿಸಿದ್ದು.

ಆಟೋ, ಟೆಸ್ಟು, ಓಆರ್‌ಎಸ್‌ಗೆ ಅಂತ ಅಡ್ಮಿಷನ್‌ನಲ್ಲಿ ತಲೆಗೆ 500 ತೆಗೆದಿಡುತ್ತೇನೆ. ಕಳೆದ ವರ್ಷ ಹದಿನಾರು ಸಾವಿರದಷ್ಟು ಖರ್ಚಾಯಿತು, ಉಳಿದದ್ದು ಮುಂದಿನ ವರ್ಷಕ್ಕೆ. ಇನ್ನೂ ಸರಿಯಾಗಿ ಬಗೆಹರಿಯದೆ ಇರುವುದು ಚಿಕನ್‌ಪಾಕ್ಸ್. ಹುಣ್ಣೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಒಬ್ಬಳಿಗೇ ಖೋಲಿ ಬೇಕು, ಅಷ್ಟರಲ್ಲಿ ಇನ್ನೊಬ್ಬಳಿಗೆ ಜ್ವರ ಬಂದರೆ ಜಾಗ ಇಲ್ಲ. ಅದಕ್ಕೇ ಈ ಜೂನ್‌ನಿಂದ ಫಾರ್ಮಿನಲ್ಲಿ ಚಿಕನ್‌ಪಾಕ್ಸ್ ಮೊದಲೇ ಆಗಿದೆಯಾ, ಲಸಿಕೆ ಹಾಕಿಸಿದೆಯಾ ಅಂತಲೂ ಕೇಳುತ್ತಿದ್ದೇನೆ, ಮೇಲಿನ ಮಹಡಿಯ ಸಾಮಾನಿನ ಖೋಲಿಯನ್ನು ಖಾಲಿ ಮಾಡಿಸುತ್ತಿದ್ದೇನೆ.