96 ಗುಳಿಯ ಮಣೆ: ಎಲೈಸಾ ಕಿಟ್ ಬಳಸುವುದು ಹೇಗೆ?

ಧಾರವಾಡ, ವಿಜಯಪುರ ಕಡೆಯಿಂದ ಪುಣೆಗೆ ಬಂದು ಬಯೋಟೆಕ್ ಓದುವ ಹುಡುಗರು ಪ್ರಾಜೆಕ್ಟ್ ಹೊತ್ತಿಗೆ ನನ್ನ ಬಳಿ ಬರುತ್ತಾರೆ. 'ಅಕ್ಕಾ, ಕಿಟ್ ಬಂತು, ಮುಂದೇನು?' ಎಲೈಸಾ ಅಂದರೆ ಆಂಟಿಬಾಡಿಯಿಂದ ಒಂದು ಪ್ರೋಟೀನನ್ನು ಹಿಡಿದು, ಬರುವ ಬಣ್ಣದಿಂದ ಅದು ಎಷ್ಟಿದೆ ಅಂತ ಅಳೆಯುವ ಪರೀಕ್ಷೆ. ಡಬ್ಬಿಯಲ್ಲಿ ಅಳಗುಳಿಮಣೆಯಂಥ ಪ್ಲೇಟ್. ಗುಳಿ ಮಾತ್ರ 96.

ಇ-ಕ್ಯಾಡ್‌ಹೆರಿನ್ ಅಳೆಯಬೇಕು ಅಂದುಕೊಳ್ಳಿ. ಪಕ್ಕಪಕ್ಕದ ಜೀವಕೋಶಗಳನ್ನು ಹಿಡಿದಿಡುವ ಪೊರೆಯ ಪ್ರೋಟೀನ್ ಇದು. ಪೂರ್ತಿ ಪ್ರೋಟೀನ್ ಸುಮಾರು 120 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ). ಸೀರಮ್‌ನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಸಿಗುವುದು ಮುಖ್ಯವಾಗಿ ಅದರಿಂದ ಕತ್ತರಿಸಿ ಬಿದ್ದ, ಸುಮಾರು 80 ಕಿಲೋಡಾಲ್ಟನ್‌ನ ಹೊರತುಂಡು. ಪೂರ್ತಿ ಪ್ರೋಟೀನೇ ಬೇಕಿದ್ದರೆ ಡಿಟರ್ಜೆಂಟ್ ಇರುವ ಬಫರ್ ದ್ರಾವಣದಲ್ಲಿ ಜೀವಕೋಶ ಒಡೆಯಬೇಕು. ಆ ಬಫರ್ ಕಿಟ್‌ಗೆ ಒಗ್ಗುತ್ತದಾ ಅಂತ ಮೊದಲೇ ನೋಡಿ.

ಕಿಟ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ. ಬಳಸುವ ಅರ್ಧ ಗಂಟೆ ಮೊದಲು ಹೊರಗಿಡಿ. ಕೋಣೆಯ ಉಷ್ಣಾಂಶ ಅಂದರೆ ಏಪ್ರಿಲ್ ಮಧ್ಯಾಹ್ನದ ಪುಣೆಯ ಕೋಣೆಯಲ್ಲ! ಎಸಿ ಹಾಕಿ, ಪ್ಲೇಟ್ ಮುಚ್ಚಿಡಿ. ಇಲ್ಲದಿದ್ದರೆ ಅಂಚಿನ ಗುಳಿಗಳು ಬೇಗ ಒಣಗುತ್ತವೆ.

ಸ್ಟ್ಯಾಂಡರ್ಡ್ ಅನ್ನು, ಅಂದರೆ ಪ್ರಮಾಣ ಗೊತ್ತಿರುವ ಪ್ರೋಟೀನ್ ದ್ರಾವಣವನ್ನು, ಅರ್ಧರ್ಧ ತೆಳುವಾಗಿಸುತ್ತಾ 7 ಟ್ಯೂಬ್ ಮಾಡಿ. ಜೊತೆಗೆ ಪ್ರೋಟೀನೇ ಇಲ್ಲದ ಒಂದು ಸೊನ್ನೆ ಟ್ಯೂಬ್. ಇವುಗಳಲ್ಲಿ ಪ್ರತಿಯೊಂದಕ್ಕೂ, ನಿಮ್ಮ ಸ್ಯಾಂಪಲ್‌ಗೂ ಎರಡೆರಡು ಗುಳಿ. ಗುಳಿಯ ತಳದಲ್ಲಿರುವ ಆಂಟಿಬಾಡಿ ಪ್ರೋಟೀನನ್ನು ಹಿಡಿಯುತ್ತದೆ. ಎರಡನೇ ಆಂಟಿಬಾಡಿ ಮೇಲಿಂದ ಕೂರುತ್ತದೆ. ಅದಕ್ಕೆ ಕೊನೆಗೆ ಬಣ್ಣ ಬರಿಸುವ ಎಚ್‌ಆರ್‌ಪಿ ಕಿಣ್ವ ಅಂಟಿಕೊಳ್ಳುತ್ತದೆ.

ನಡುನಡುವೆ ತೊಳೆಯುವುದಿದೆಯಲ್ಲ, ಎಡವುವುದು ಅಲ್ಲೇ. ನನ್ನ ಮೊದಲ ಪ್ಲೇಟ್‌ನಲ್ಲಿ ಸೊನ್ನೆ ಗುಳಿಯೂ ನೀಲಿಯಾಗಿತ್ತು. ಕಿಟ್ಟನ್ನೇ ಬೈದೆ. ತಪ್ಪು ನನ್ನದೇ, ಸುಮ್ನೆ ನೀರು ತೋರಿಸಿ ಚೆಲ್ಲಿದ್ದೆ. ಅಕ್ಕಿ ತೊಳೆದ ಹಾಗಲ್ಲ ಇದು. ಗುಳಿ ತುಂಬ ಬಫರ್ ಹಾಕಿ, ಸ್ವಲ್ಪ ಹೊತ್ತು ಬಿಡಿ, ಚೆಲ್ಲಿ, ಕವುಚಿ ಟಿಶ್ಯೂ ಮೇಲೆ ಬಡಿಯಿರಿ. ಕಿಟ್‌ನ ಹಾಳೆ 5 ಸಲ ಅಂದರೆ 5 ಸಲ. ಗುಳಿ ಒಣಗಿಸಿ ಚಹಾಕ್ಕೆ ಹೋಗಬೇಡಿ. ಬಫರ್‌ನಲ್ಲಿ ಸೋಡಿಯಂ ಅಜೈಡ್ ಬೇಡ, ಅದು ಎಚ್‌ಆರ್‌ಪಿಯ ಕೆಲಸ ಕೆಡಿಸುತ್ತದೆ.

ಕೊನೆಗೆ ಟಿಎಂಬಿ (ಎಚ್‌ಆರ್‌ಪಿ ಇದ್ದಲ್ಲಿ ನೀಲಿಯಾಗುವ ದ್ರಾವಣ) ಹಾಕಿ, ಬೆಳಕಿಗೆ ಒಡ್ಡಬೇಡಿ. ನೀಲಿ ಬಂದ ಮೇಲೆ ಆಸಿಡ್ ಹಾಕಿದರೆ ಹಳದಿಯಾಗುತ್ತದೆ. ತಡ ಮಾಡದೆ ಪ್ಲೇಟ್ ರೀಡರ್ ಯಂತ್ರದಲ್ಲಿ 450 ನ್ಯಾನೊಮೀಟರ್ ಬೆಳಕಿನಲ್ಲಿ ಓದಿ. ಸ್ಟ್ಯಾಂಡರ್ಡ್‌ಗಳ ಅಳತೆಯಿಂದ ಗೆರೆ ಎಳೆದು, ಸ್ಯಾಂಪಲ್‌ನಲ್ಲಿ ಎಷ್ಟಿದೆ ಅಂತ ಅದರಿಂದ ನೋಡಿ.

ಡಬ್ಬಿ ಮೇಲೆ 'ಸಂಶೋಧನೆಗೆ ಮಾತ್ರ' ಎಂದಿದ್ದರೆ ಊರಿಂದ ಬಂದ ಮಾವನ ರಕ್ತ ಹಾಕಿ ರಿಪೋರ್ಟ್ ಕೊಡಬೇಡಿ. ಸ್ಯಾಂಪಲ್‌ನ ಅಳತೆ ಅತಿ ದೊಡ್ಡ ಸ್ಟ್ಯಾಂಡರ್ಡ್‌ಗಿಂತ ಜಾಸ್ತಿ ಬಂತಾ? ಗೆರೆಯನ್ನು ಅಂದಾಜಿಗೆ ಮುಂದೆ ಎಳೆಯಬೇಡಿ. ಸ್ಯಾಂಪಲ್ ತೆಳುವಾಗಿಸಿ ಮತ್ತೆ ಹಾಕಿ, ಬಂದ ಉತ್ತರವನ್ನು ಅಷ್ಟೇ ಪಟ್ಟು ಗುಣಿಸಿ.