ತ್ರಿಶೂಲಕ್ಕೆ ಬಲ ಬಂತು, ಸ್ಮೈಟ್ ಒಂದಕ್ಕಿಳಿಯಿತು

ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ಕ್ಯಾಂಪೇನ್ ನಡುವೆ, ಅಂದರೆ ಸೆಷನ್‌ನಿಂದ ಸೆಷನ್‌ಗೆ ಸಾಗುವ ಒಂದೇ ಕಥೆಯ ನಡುವೆ, ನಿಯಮ ಬದಲಿಸಬೇಡಿ ಅಂತ ತುಂಬಾ ಜನ ಹೇಳುತ್ತಾರೆ. ನಾವು ಬದಲಿಸಿದೆವು. ಅದೂ ಲೆವೆಲ್ 7ರಲ್ಲಿ, ಮೂರು ವರ್ಷ ಆಡಿದ ಕಥೆಯ ನಡುವೆ. ಹೇಗೆ ಮಾಡಿದೆವು ಅಂತ ಬರೆಯುತ್ತಿದ್ದೇನೆ, ಮೊದಲ ಸಲ ತಪ್ಪಾಗಿ ಮಾಡಿದ್ದನ್ನೂ ಸೇರಿಸಿ.

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಆಡುವ ಆಟ ಇದು. ಕಥೆ ನಡೆಸುವ ಡಿಎಮ್ (ಡಂಜನ್ ಮಾಸ್ಟರ್) ನಾನು, ಡೊಂಬಿವಲಿಯವನು. ಆಡುವ ನಾಲ್ವರೂ ಮುಂಬಯಿಯಲ್ಲೇ ಬೆಳೆದ ಕನ್ನಡದವರು, ಮನೆಯ ಹಿರಿಯರು ಉಡುಪಿ, ಕುಂದಾಪುರ ಕಡೆಯಿಂದ ಬಂದವರು. ಭಾನುವಾರ ಮಧ್ಯಾಹ್ನ ಮಾಟುಂಗದ ಒಂದು ಮನೆಯಲ್ಲಿ ಸೇರುತ್ತೇವೆ. ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್ ಇದ್ದರೆ ಆಟ ಒಂದು ಗಂಟೆ ತಡ. ಮಾತು ಪೂರ್ತಿ ಕನ್ನಡ. ಪಾತ್ರ ದಣಿದಾಗ ಬೀಳುವ ಎಕ್ಸಾಸ್ಚನ್‌ಗೆ ನಾವು ಸುಸ್ತು ಅನ್ನುತ್ತೇವೆ, ‘ನನಗೆ ಎರಡು ಸುಸ್ತು ಇದೆ’ ಅಂತ. ಕಥೆ ನಡೆಯುವುದು ಘಟ್ಟದ ಕೆಳಗಿನ ಒಂದು ಕಲ್ಪನೆಯ ನಾಡಿನಲ್ಲಿ, ಅಲ್ಲಿ ಮಳೆಗಾಲ ಬಂದರೆ ದಾರಿಗಳು ಮುಚ್ಚಿಹೋಗುತ್ತವೆ.

ನಾವು ಆಡುತ್ತಿದ್ದದ್ದು 2014ರ ನಿಯಮ. 2024ರ ಸೆಪ್ಟೆಂಬರ್‌ನಲ್ಲಿ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ಬಂತು. ಹಳೆಯದಕ್ಕೂ ಹೊಸದಕ್ಕೂ ಹೊಂದುತ್ತದೆ ಅಂತ ಹೇಳಿದ್ದರು, ಹಾಗಾಗಿ ‘ಯಾರಿಗೆ ಬೇಕೋ ಅವರು ಹೊಸದಕ್ಕೆ ಬನ್ನಿ, ಬೇಡದವರು ಹಳೆಯದರಲ್ಲೇ ಇರಿ’ ಅಂದುಬಿಟ್ಟೆ. ಇದೇ ನನ್ನ ತಪ್ಪು. ಫೈಟರ್ (ಯೋಧೆ) ಮತ್ತು ಮಾಂಕ್ (ಬರಿಗೈಯಲ್ಲಿ ಹೊಡೆದಾಡುವ ಸನ್ಯಾಸಿ) ಹೊಸದಕ್ಕೆ ಹೋದರು, ಪ್ಯಾಲಡಿನ್ (ದೈವಬಲದ ಯೋಧ) ಮತ್ತು ಬಾರ್ಡ್ (ಹಾಡುಗಾರ) ಹಳೆಯದರಲ್ಲೇ ಉಳಿದರು. ಎರಡೇ ಸೆಷನ್. ಒಬ್ಬಳು ಮದ್ದನ್ನು ಸರದಿಯ ಸಣ್ಣ ಹೆಚ್ಚುವರಿ ನಡೆಯಾದ ಬೋನಸ್ ಆಕ್ಷನ್‌ನಲ್ಲಿ ಕುಡಿಯುತ್ತಾಳೆ, ಪಕ್ಕದವನಿಗೆ ಅದಕ್ಕೆ ಪೂರ್ತಿ ಆಕ್ಷನ್ ಬೇಕು. ಶತ್ರು ದಿಢೀರನೆ ಮೇಲೆ ಬಿದ್ದರೆ ಹಳೆಯ ನಿಯಮದವರ ಮೊದಲ ಸರದಿ ಹೋಗುತ್ತದೆ, ಹೊಸ ನಿಯಮದವರಿಗೆ ಬರೀ ಸರದಿಯ ಕ್ರಮ ನಿರ್ಧರಿಸುವ ಇನಿಶಿಯೇಟಿವ್ ದಾಳದಲ್ಲಿ, ಎರಡು ಸಲ ಉರುಳಿಸಿ ಕಡಿಮೆಯದನ್ನೇ ಹಿಡಿಯುವ ಡಿಸ್‌ಅಡ್ವಾಂಟೇಜ್. ಒಂದೇ ಕಾಡಿನಲ್ಲಿ ನಡೆಯುವ ನಾಲ್ವರಿಗೆ ಎರಡು ಲೋಕ. ಮೂರನೇ ವಾರ ಎಲ್ಲರೂ ಹಳೆಯ ಶೀಟಿಗೆ (ಪಾತ್ರದ ಅಂಕಿಗಳ ಹಾಳೆ) ವಾಪಸ್.

ಆಮೇಲೆ ಕಾದೆವು. ಡಿಎಮ್ ಪುಸ್ತಕ ನವೆಂಬರ್‌ನಲ್ಲಿ, ಮಾನ್‌ಸ್ಟರ್ ಮ್ಯಾನ್ಯುಯಲ್ (ಪ್ರಾಣಿ, ರಾಕ್ಷಸರ ಅಂಕಿಗಳ ಪುಸ್ತಕ) 2025ರ ಫೆಬ್ರವರಿಯಲ್ಲಿ ಬಂತು. ಏಪ್ರಿಲ್‌ನಲ್ಲಿ ಎಸ್‌ಆರ್‌ಡಿ 5.2 (ಮೂಲ ನಿಯಮಗಳ ಸಂಗ್ರಹ) ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಉಚಿತವಾಗಿ ಸಿಕ್ಕಿತು. ಅದರಲ್ಲಿ ಫೈಟರ್, ಬಾರ್ಡ್ ಅಂಥ ಪ್ರತಿ ಕ್ಲಾಸಿಗೆ ಒಂದೇ ಸಬ್‌ಕ್ಲಾಸ್ ಇದೆ, ಆದರೂ ಮೂಲ ನಿಯಮಕ್ಕೆ ಸಾಕು. ಬೇಕಾದ ಪುಟಗಳನ್ನು ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ನಾಲ್ವರಿಗೂ ಕೊಟ್ಟೆ. ಕಥೆಯಲ್ಲಿ ಒಂದು ಪ್ರಯಾಣ ಮುಗಿದು, ಪಾತ್ರಗಳು ಮಳೆ ಕಳೆಯಲಿ ಅಂತ ಒಂದು ಹಳ್ಳಿಯಲ್ಲಿ ಉಳಿದುಕೊಂಡ ಹೊತ್ತು ಅದು. ಕಥೆಯಲ್ಲೇ ನಾಲ್ಕು ತಿಂಗಳ ಬಿಡುವು ಸಿಕ್ಕಿತು, ಅಲ್ವಾ, ಬದಲಿಸಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಒಬ್ಬೊಬ್ಬರ ಜೊತೆ ಒಂದೊಂದು ಗಂಟೆ ಕೂತೆ. ಮೊದಲು ಶೀಟ್ ತೆಗೆಯಲಿಲ್ಲ. ಒಂದೇ ಪ್ರಶ್ನೆ ಕೇಳಿದೆ: ಯಾವುದು ಹೋದರೆ ಇದು ನಿನ್ನ ಪಾತ್ರ ಅಂತ ಅನ್ನಿಸುವುದಿಲ್ಲ? ಆ ಉತ್ತರವನ್ನು ಮೇಲೆ ಬರೆದಿಟ್ಟು, ಖಾಲಿ ಶೀಟಿನಲ್ಲಿ ಲೆವೆಲ್ 1ರಿಂದ 7ರವರೆಗೆ ಹೊಸದಾಗಿ ಕಟ್ಟಿದೆವು. ಹಳೆಯ ಶೀಟಿನ ಮೇಲೆ ಒಂದೊಂದೇ ಸಾಲು ಹೊಡೆದು ತಿದ್ದಲು ಹೋದರೆ ಏನಾದರೂ ಬಿಟ್ಟುಹೋಗುತ್ತದೆ. ಅಂಕಿಗಳ ವಿಷಯದಲ್ಲಿ ನನ್ನದು ಒಂದೇ ಮಾತು, ಬಲ, ಚುರುಕುತನಗಳನ್ನು ಅಳೆಯುವ ಎಬಿಲಿಟಿ ಸ್ಕೋರ್ ಯಾರದ್ದೂ ಇಳಿಯಬಾರದು. ಮೊದಲು ಪಾತ್ರದ ಕುಲದಿಂದ ಬರುತ್ತಿದ್ದ ಹೆಚ್ಚುವರಿ ಅಂಕ ಹೊಸ ನಿಯಮದಲ್ಲಿ ಬರುವುದು ಪಾತ್ರದ ಹಿನ್ನೆಲೆ, ಅಂದರೆ ಬ್ಯಾಕ್‌ಗ್ರೌಂಡ್‌ನಿಂದ, ಒಟ್ಟು ಮೂರು. ನಮ್ಮ ಬಾರ್ಡ್ ಹಾಫ್-ಎಲ್ಫ್ ಕುಲದವನು, ಹಳೆಯದರಲ್ಲಿ ನಾಲ್ಕು ಸಿಕ್ಕಿತ್ತು. ನಾಲ್ಕೇ ಇರಲಿ ಅಂದೆ.

ಫೈಟರ್ ಆಡುವವಳ ಉತ್ತರ: ‘ತ್ರಿಶೂಲ.’ ಮೊದಲ ದಿನದಿಂದ ಅವಳ ಪಾತ್ರದ ಕೈಯಲ್ಲಿ ತ್ರಿಶೂಲವೇ. 2014ರ ನಿಯಮದಲ್ಲಿ ಅದಕ್ಕೂ ಸಾದಾ ಈಟಿಗೂ ಒಂದೇ ಏಟು, 1ಡಿ6 (ಆರು ಮುಖದ ಒಂದು ದಾಳ), ಎರಡು ಕೈಯಲ್ಲಿ ಹಿಡಿದರೆ 1ಡಿ8. ಬೆಲೆ ಜಾಸ್ತಿ, ಭಾರ ಜಾಸ್ತಿ, ಲಾಭ ಏನೂ ಇಲ್ಲ. ಆದರೂ ಮೂರು ವರ್ಷ ಅವಳು ಬಿಡಲಿಲ್ಲ. ಹೊಸದರಲ್ಲಿ ಅದು 1ಡಿ8, ಎರಡು ಕೈಗೆ 1ಡಿ10, ಜೊತೆಗೆ ಟಾಪಲ್ ಅನ್ನುವ ವೆಪನ್ ಮಾಸ್ಟರಿ (ಆಯುಧದ ವಿಶೇಷ ಗುಣ). ಏಟು ತಾಗಿದರೆ ಎದುರಾಳಿ ಕಾನ್‌ಸ್ಟಿಟ್ಯೂಷನ್ ಸೇವ್ (ದೇಹಬಲದಿಂದ ತಡೆದುಕೊಳ್ಳುವ ದಾಳ) ಮಾಡಬೇಕು, ಸೋತರೆ ನೆಲಕ್ಕೆ ಬೀಳುತ್ತಾನೆ. ಇನ್ನು ಇದೇ ಖಾಯಂ ಅಂದಾಗ ಅವಳ ಮುಖ ನೋಡಬೇಕಿತ್ತು. ತೊಂದರೆ ಅಂದರೆ ಪ್ರತಿ ಏಟಿಗೂ ಒಂದು ಸೇವ್, ಆಟ ನಿಧಾನ ಆಗುತ್ತದೆ. ಅದಕ್ಕೆ ಒಂದು ಪದ್ಧತಿ ಮಾಡಿಕೊಂಡೆವು. ಅವಳು ಏಟಿನ ಅಂಕಿಯ ಜೊತೆಗೇ ‘ಟಾಪಲ್ 15’ ಅಂತ ಹೇಳುತ್ತಾಳೆ (8, ಬಲದ 4, ಪ್ರೊಫಿಶಿಯನ್ಸಿ 3), ಅಷ್ಟರಲ್ಲಿ ನನ್ನ ದಾಳ ಉರುಳಿರುತ್ತದೆ.

ಕಷ್ಟವಾದದ್ದು ಪ್ಯಾಲಡಿನ್. ಹಳೆಯ ನಿಯಮದಲ್ಲಿ ಡಿವೈನ್ ಸ್ಮೈಟ್, ಅಂದರೆ ದೈವಬಲದ ಹೆಚ್ಚುವರಿ ಪೆಟ್ಟು, ಪ್ರತಿ ಏಟಿಗೂ ಹಾಕಬಹುದಿತ್ತು. ಒಂದು ಸಲ ಸೇತುವೆಯ ಮೇಲೆ ದರೋಡೆಕೋರರ ಮುಖ್ಯಸ್ಥನಿಗೆ ಎರಡೂ ಏಟಿನಲ್ಲಿ ಎರಡನೇ ಲೆವೆಲ್ ಸ್ಲಾಟ್ (ದಿನಕ್ಕೆ ಇಷ್ಟೇ ಅಂತ ಇರುವ ಮಂತ್ರಶಕ್ತಿ) ಸುರಿದು, ಸ್ಮೈಟಿನಿಂದಲೇ 6ಡಿ8 ಹೊಡೆದು ಮುಗಿಸಿದ್ದ, ಆ ಸಂಜೆಯ ಮಾತು ನಾವು ಇವತ್ತಿಗೂ ಆಡುತ್ತೇವೆ. ಈಗ ಸ್ಮೈಟ್ ಒಂದು ಸ್ಪೆಲ್ (ಮಂತ್ರ), ಬೋನಸ್ ಆಕ್ಷನ್ ಬೇಕು, ಅಂದರೆ ಒಂದು ಸರದಿಗೆ ಒಂದೇ. ‘ಇದು ನನ್ನ ಪ್ಯಾಲಡಿನ್ ಅಲ್ಲ ಮಾರಾಯ’ ಅಂದ. ನಾನು ವಾದ ಮಾಡಲಿಲ್ಲ, ಅವನ ಬೇಸರ ನ್ಯಾಯವಾದದ್ದೇ. ಸಿಗುವುದು ಏನು ಅಂತ ತೋರಿಸಿದೆ. ದಿನಕ್ಕೊಂದು ಸ್ಮೈಟ್ ಸ್ಲಾಟ್ ಇಲ್ಲದೆ ಸಿಗುತ್ತದೆ. ಕುದುರೆ ಕರೆಸುವ ಫೈಂಡ್ ಸ್ಟೀಡ್ ಸ್ಪೆಲ್ ಯಾವಾಗಲೂ ಸಿದ್ಧ, ಅದೂ ದಿನಕ್ಕೊಮ್ಮೆ ಸ್ಲಾಟ್ ಇಲ್ಲದೆ. ಲೆವೆಲ್ 3ರಲ್ಲಿ ಅವನ ಕುದುರೆ ಪ್ರವಾಹದಲ್ಲಿ ಹೋಗಿತ್ತು. ಮೊದಲೂ ಆ ಸ್ಪೆಲ್ ಇತ್ತು, ಆದರೆ ಸ್ಲಾಟ್ ಖರ್ಚು ಮಾಡಿ ಹತ್ತು ನಿಮಿಷ ಕೂರಬೇಕಿತ್ತು, ಅವನು ಒಮ್ಮೆಯೂ ಹಾಕಿರಲಿಲ್ಲ. ಮಳೆ ನಿಂತ ಬೆಳಿಗ್ಗೆ ಅದೇ ಬಣ್ಣದ ಕುದುರೆ ಹಳ್ಳಿಯ ಗದ್ದೆಯಲ್ಲಿ ನಿಂತಿರುತ್ತದೆ ಅಂತ ಕಥೆ ಕಟ್ಟಿದೆವು. ಮೂರು ಸೆಷನ್ ನೋಡು, ಆಗದಿದ್ದರೆ ನಿನ್ನ ಸ್ಮೈಟ್ ಮಾತ್ರ ಹಳೆಯದಕ್ಕೆ ಬಿಡುತ್ತೇನೆ ಅಂತ ಮಾತು ಕೊಟ್ಟೆ.

ಎರಡನೇ ಸೆಷನ್‌ನಲ್ಲೇ ತೀರ್ಮಾನ ಆಯಿತು. ಮಾಂಕ್ ಸೊನ್ನೆ ಹಿಟ್ ಪಾಯಿಂಟಿಗೆ (ಜೀವದ ಅಂಕ) ಬಿದ್ದಿದ್ದಾನೆ. ಪ್ಯಾಲಡಿನ್ ಕೈ ಇಟ್ಟು ಗುಣಪಡಿಸುವ ಲೇ ಆನ್ ಹ್ಯಾಂಡ್ಸ್ ಕೂಡ ಈಗ ಬೋನಸ್ ಆಕ್ಷನ್. ಸ್ಮೈಟ್ ಹಾಕಿದರೆ ಶತ್ರು ಸಾಯಬಹುದು, ಕೈ ಇಟ್ಟರೆ ಗೆಳೆಯ ಏಳುತ್ತಾನೆ, ಎರಡರಲ್ಲಿ ಒಂದೇ. ಪ್ಯಾಲಡಿನ್ ಆಡುವವನು ತುಂಬಾ ಹೊತ್ತು ದಾಳ ಹಿಡಿದು ಕೂತಿದ್ದ. ಆಮೇಲೆ ಕೈ ಇಟ್ಟ. ಹಳೆಯದಕ್ಕೆ ಹೋಗೋಣ ಅನ್ನುವ ಮಾತು ಆಮೇಲೆ ಬರಲಿಲ್ಲ.

ಮಾಂಕ್‌ಗೆ ಹೆಚ್ಚಿನದೆಲ್ಲ ಲಾಭವೇ. ಬಾರ್ಡ್ ಯಕ್ಷಗಾನದ ಭಾಗವತನಂಥ ಪಾತ್ರ, ಎಂಟರ್‌ಟೇನರ್ ಬ್ಯಾಕ್‌ಗ್ರೌಂಡ್‌ನಿಂದ ಮ್ಯುಸಿಷಿಯನ್ ಫೀಟ್ (ವಿಶೇಷ ಕೌಶಲ) ಬಂತು. ವಿರಾಮ ಮುಗಿಯುವಾಗ ವಾದ್ಯ ನುಡಿಸಿ ಒಂದು ಪದ ಹಾಡಿದರೆ ಜೊತೆಯವರಿಗೆ ಹೀರೋಯಿಕ್ ಇನ್‌ಸ್ಪಿರೇಷನ್, ಬೇಕಾದಾಗ ಒಂದು ದಾಳ ಮತ್ತೆ ಉರುಳಿಸಬಹುದು. ಈಗ ಅವನು ನಿಜವಾಗಿಯೂ ಹಾಡುತ್ತಾನೆ.

ನನಗೆ ಜಾಸ್ತಿ ಇಷ್ಟವಾದದ್ದು ಸುಸ್ತು. ಮೊದಲು ಆರು ಹಂತಕ್ಕೆ ಆರು ಬೇರೆ ಬೇರೆ ಶಿಕ್ಷೆ, ಪ್ರತಿ ಸಲ ಪುಟ ತೆಗೆಯಬೇಕಿತ್ತು. ಈಗ ಒಂದು ಸುಸ್ತಿಗೆ ಎಲ್ಲ ಡಿ20 ದಾಳದಲ್ಲಿ 2 ಕಡಿಮೆ, ನಡಿಗೆ 5 ಅಡಿ ಕಡಿಮೆ, ಆರಕ್ಕೆ ಸಾವು. ಇಷ್ಟೇ. ಹಾಗಾಗಿ ಮಳೆಯಲ್ಲಿ ಘಟ್ಟ ಹತ್ತುವಾಗ ಒಂದು ಸುಸ್ತು ಕೊಡಲು ನಾನು ಹಿಂಜರಿಯುವುದಿಲ್ಲ.

ಪ್ರಾಣಿಗಳ ಅಂಕಿ ಮಾತ್ರ ಹಳೆಯ ನೋಟ್‌ಬುಕ್ಕಿನಿಂದ ತೆಗೆಯಬೇಡಿ. ನಮ್ಮ ಸೀಳುನಾಯಿಗೆ ನಾನು ತೋಳದ ಪುಟ ಬಳಸುತ್ತೇನೆ. ಮೊದಲು ಅದು ಕಚ್ಚಿದರೆ ಸೇವ್ ಇತ್ತು, ಈಗ ಕಚ್ಚಿದರೆ ಸೀದಾ ನೆಲಕ್ಕೆ. ಒಂದು ಗುಂಪು ಸೀಳುನಾಯಿ ಮೊದಲ ದಿನ ನಾನು ಎಣಿಸಿದ್ದಕ್ಕಿಂತ ಎಷ್ಟೋ ಅಪಾಯವಾಯಿತು.

ಅಡಗುವ ನಿಯಮ ನಮಗೆ ಇನ್ನೂ ಹಿಡಿಸಿಲ್ಲ. ಹೊಸದರಲ್ಲಿ ಅಡಗಲು ಮೊದಲು ದಾಳದಲ್ಲಿ ಕನಿಷ್ಠ 15 ಬರಬೇಕು, ಎದುರಿಗೆ ನಿದ್ದೆಗಣ್ಣಿನ ಕಾವಲುಗಾರ ಇದ್ದರೂ ಅಷ್ಟೇ. ನಾವು ಸದ್ಯಕ್ಕೆ ಹಿಂದಿನಂತೆ ಕಾವಲುಗಾರನ ಪ್ಯಾಸಿವ್ ಪರ್ಸೆಪ್ಷನ್ (ಎಚ್ಚರದ ಅಂಕ) ಜೊತೆಗೇ ಹೋಲಿಸುತ್ತಿದ್ದೇವೆ. ಮಾಂಕ್ ಆಡುವವನು ಮಾತ್ರ ಪುಸ್ತಕದಲ್ಲಿದ್ದಂತೆ ಒಮ್ಮೆ ಆಡಿ ನೋಡೋಣ ಅನ್ನುತ್ತಿದ್ದಾನೆ, ಬರುವ ಭಾನುವಾರ ಕೋಟೆಗೆ ನುಗ್ಗುವುದಿದೆ, ಅಲ್ಲೇ ನೋಡುತ್ತೇವೆ.