ಬೋಳುಬೆಟ್ಟ ಹತ್ತಿದ್ದಾಯಿತು, ಇಳಿಯುವುದು ಹೇಗೆ?

ಕುದುರೆಮುಖ, ತಡಿಯಂಡಮೋಳ್, ಕುಮಾರ ಪರ್ವತ, ಬಲ್ಲಾಳರಾಯನ ದುರ್ಗ. ಪಶ್ಚಿಮ ಘಟ್ಟದ ಈ ಎತ್ತರಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಮೈಕಟ್ಟು. ಬುಡದಲ್ಲಿ ದಟ್ಟ ಕಾಡು, ಮೇಲೇರಿದಂತೆ ಬರೀ ಹುಲ್ಲು, ಹುಲ್ಲಿನ ನಡುವೆ ಹಳ್ಳ ಹರಿಯುವ ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡಿನ ತುಣುಕುಗಳು. ಕಾಡು ದಾಟಿದರೆ ಸಾಕು, ನೆತ್ತಿ ಕಣ್ಣೆದುರೇ ಇರುತ್ತದೆ. ಹಾಗಾಗಿ ದಾರಿ ತಪ್ಪುವ ಭಯ ಯಾರಿಗೂ ಇರುವುದಿಲ್ಲ. ಶನಿವಾರ ಬೆಳಿಗ್ಗೆ ಅರಣ್ಯ ಇಲಾಖೆಯ ಗೇಟಿನ ಮುಂದೆ ಸೇರುವ ಗುಂಪುಗಳ ಮಾತು ಕೇಳಿ. ಎಲ್ಲವೂ ಹತ್ತುವುದರ ಬಗ್ಗೆಯೇ. ಎಡವಟ್ಟುಗಳೆಲ್ಲ ಆಗುವುದು ಇಳಿಯುವಾಗ. ಸಂಜೆ ಐದಕ್ಕೆ ಬರಬೇಕಾದವರು ರಾತ್ರಿ ಎಂಟಕ್ಕೆ ಮೊಬೈಲ್ ಟಾರ್ಚ್ ಹಿಡಿದು, ಹೊರಟ ಜಾಗ ಬಿಟ್ಟು ಬೇರೆಲ್ಲೋ ಬಂದು ಸೇರುವುದನ್ನು ಬೇಕಾದಷ್ಟು ನೋಡಿದ್ದೇನೆ.

ತಿಂಗಳು ಮತ್ತು ಅನುಮತಿ

ಅಕ್ಟೋಬರ್ ನಡುವಿನಿಂದ ಜನವರಿ ಕೊನೆಯೊಳಗೆ ಹೋಗಿ. ಮಳೆಗಾಲದ ಹಸಿರು ಚೆಂದವೇ, ಆದರೆ ನೆತ್ತಿಯ ಮೇಲೆ ನಿಂತಾಗ ಚಾಚಿದ ಕೈಯ ಆಚೆಗೆ ಏನೂ ಕಾಣದಿದ್ದರೆ ಅಷ್ಟು ದೂರ ಹತ್ತಿ ಏನು ಬಂತು? ಫೆಬ್ರವರಿ ಬಂತೆಂದರೆ ಹುಲ್ಲು ಒಣಗಿ ಕಾಳ್ಗಿಚ್ಚಿನ ಕಾಲ. ಆಗ ಇಲಾಖೆ ಹಾದಿಗಳನ್ನು ಮುಚ್ಚುವುದುಂಟು. ಏಪ್ರಿಲ್–ಮೇ ಸಂಜೆಗಳಲ್ಲಿ ಸಿಡಿಲಿದೆ, ಬೋಳು ನೆತ್ತಿಯ ಮೇಲೆ ಅದಕ್ಕೆ ಸಿಗುವ ಅತಿ ಎತ್ತರದ ವಸ್ತು ನೀವೇ.

ಕುದುರೆಮುಖ ಶಿಖರ ರಾಷ್ಟ್ರೀಯ ಉದ್ಯಾನದೊಳಗಿದೆ, ಕುಮಾರ ಪರ್ವತ ಪುಷ್ಪಗಿರಿ ವನ್ಯಜೀವಿ ಧಾಮದೊಳಗಿದೆ. ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸಿ. ಗೇಟು ತಪ್ಪಿಸಿ ಒಳದಾರಿಯಲ್ಲಿ ಕರೆದೊಯ್ಯುತ್ತೇವೆ ಎನ್ನುವವರು ಎಲ್ಲ ಕಡೆಯೂ ಸಿಗುತ್ತಾರೆ. ಅವರ ಸಹವಾಸ ಬೇಡ. ಮೇಲೆ ಕಾಲು ಉಳುಕಿ ಕುಳಿತರೆ, ನೀವು ಒಳಗಿದ್ದೀರಿ ಎಂಬುದೇ ಯಾರ ಪುಸ್ತಕದಲ್ಲೂ ದಾಖಲಾಗಿರುವುದಿಲ್ಲ.

ಗಂಟೆಗಳ ಲೆಕ್ಕ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಹಾಕಿಕೊಟ್ಟ ಲೆಕ್ಕ ನಮ್ಮ ಬೆಟ್ಟಗಳಿಗೂ ಹೊಂದುತ್ತದೆ: ಸುಮಾರು 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ 1,712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಸುಮಾರು 13 ಕಿ.ಮೀ. ನಡಿಗೆ, ಸುಮಾರು 1,600 ಮೀಟರ್ ಏರು. ಈ ಲೆಕ್ಕದಲ್ಲಿ ಐದೂಕಾಲು ಗಂಟೆ ಬೇಕು. ಅದು ಪಳಗಿದ ಕಾಲುಗಳಿಗೆ, ಅದೂ ಎಲ್ಲಿಯೂ ನಿಲ್ಲದೆ ನಡೆದರೆ. ವಾರವಿಡೀ ಕುರ್ಚಿಯಲ್ಲಿ ಕೂತವರು ಒಂದೂವರೆ ಪಟ್ಟು ಮಾಡಿ ಎಂಟು ಗಂಟೆ ಎಂದೇ ಇಟ್ಟುಕೊಳ್ಳಬೇಕು. ಇಳಿಯಲು ಅರ್ಧ ಹೊತ್ತು ಸಾಕು ಎನ್ನುವುದು ಸುಳ್ಳು. ಇಲ್ಲಿನ ಕಡಿದಾದ ಇಳಿಜಾರಿನಲ್ಲಿ ದಣಿದ ಮೊಣಕಾಲಿಗೆ ಹತ್ತಿದಷ್ಟೇ ಹೊತ್ತು ಹಿಡಿಯುತ್ತದೆ. ಮೊದಲ ಸಲ ಹೋಗುವವರು ಸೋಮವಾರಪೇಟೆ ಕಡೆಯ ಗಿಡ್ಡ ಹಾದಿ ಹಿಡಿಯಲಿ ಎನ್ನುವುದು ನನ್ನ ಖಂಡಿತವಾದ ಅಭಿಪ್ರಾಯ. ಯಾವ ಬೆಟ್ಟವಾದರೂ ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿರುತ್ತೀರೋ ಅಲ್ಲಿಂದಲೇ ಹಿಂದಿರುಗಿ. ನೆತ್ತಿ ಇನ್ನು ಹತ್ತೇ ನಿಮಿಷ ಎಂದು ಕಂಡರೂ ಸರಿಯೇ. ಆ ಹತ್ತು ನಿಮಿಷದ ನೆತ್ತಿಯ ಹಿಂದೆ ಇನ್ನೊಂದು ನೆತ್ತಿ ಅಡಗಿರುತ್ತದೆ.

ಚೀಲ

ಮೂರು ಲೀಟರ್ ನೀರು, ಊಟ, ತಲೆಗೆ ಕಟ್ಟುವ ಟಾರ್ಚ್, ಸೀಟಿ, ಗಾಳಿ ತಡೆಯುವ ಜಾಕೆಟ್. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಆರೇಳು ಡಿಗ್ರಿ ಇಳಿಯುತ್ತದೆ, ಅದಕ್ಕೆ ಗಾಳಿ ಸೇರಿದರೆ ಬೆವರಿದ ಮೈ ನಡುಗತೊಡಗುತ್ತದೆ. ತೆಳು ಪ್ಲಾಸ್ಟಿಕ್ಕಿನ ಬಳಸಿ ಬಿಸಾಡುವ ರೇನ್‌ಕೋಟ್ ಕೊಳ್ಳಲೇಬೇಡಿ. ಏಣಿನ, ಅಂದರೆ ಬೆಟ್ಟದ ಉದ್ದನೆಯ ಬೆನ್ನಿನ, ಮೇಲಿನ ಮೊದಲ ಗಾಳಿಗೇ ಅದು ಚಿಂದಿಯಾಗುತ್ತದೆ, ಚಿಂದಿ ಬೆಟ್ಟದಲ್ಲೇ ಉಳಿಯುತ್ತದೆ. ಓಟದ ಬೂಟಿನ ನುಣುಪು ಅಟ್ಟೆಯೂ ಬೇಡ. ಆಳವಾದ ಹಲ್ಲಿರುವ ಅಟ್ಟೆಯೇ ಬೇಕು.

ಹತ್ತುವುದು

ನಿಧಾನವಾಗಿ, ಮಾತನಾಡುತ್ತ ಹತ್ತಬಹುದಾದ ವೇಗದಲ್ಲಿ ಹತ್ತಿ. ಇದಕ್ಕಿಂತ ಹೆಚ್ಚು ಹೇಳಬೇಕಾದ್ದಿಲ್ಲ.

ತಿರುಗಿ ನೋಡುವುದು

ಜನ ತಪ್ಪುವುದು ಇಲ್ಲಿಯೇ. ನೆತ್ತಿಯನ್ನು ಕೊಡೆಯ ತುದಿ ಎಂದುಕೊಳ್ಳಿ, ಅಲ್ಲಿಂದ ಹರಡಿದ ಏಣುಗಳನ್ನು ಕೊಡೆಯ ಕಡ್ಡಿಗಳೆಂದುಕೊಳ್ಳಿ. ಕೆಳಗಿನಿಂದ ಯಾವ ಕಡ್ಡಿ ಹಿಡಿದರೂ ತುದಿಗೇ ಹೋಗಿ ಮುಟ್ಟುತ್ತೀರಿ. ತುದಿಯಿಂದ ಹೊರಟಾಗ ಒಂದೇ ಒಂದು ಕಡ್ಡಿ ಆಚೀಚೆಯಾದರೆ ಬೇರೆಯೇ ಕಣಿವೆಗೆ, ಕುಮಾರ ಪರ್ವತದಂಥ ಕಡೆ ಬೇರೆಯೇ ಜಿಲ್ಲೆಗೆ ಇಳಿಯುತ್ತೀರಿ. ಮೇಲಿನ ಮೊದಲ ನೂರು ಹೆಜ್ಜೆಗಳಲ್ಲಿ ಏಣುಗಳ ನಡುವೆ ಅಂತರವೇ ಇರುವುದಿಲ್ಲ. ತಪ್ಪು ಗೊತ್ತಾಗುವಷ್ಟರಲ್ಲಿ ನಡುವೆ ಒಂದು ಆಳವಾದ ಹಳ್ಳ ಬಂದಿರುತ್ತದೆ.

ಅದಕ್ಕೇ ಹತ್ತುವಾಗಲೇ ಇಳಿಯುವ ದಾರಿಯನ್ನು ನೋಡಿಟ್ಟುಕೊಳ್ಳಬೇಕು. ಏಣು ಕವಲೊಡೆಯುವ ಪ್ರತಿ ಜಾಗದಲ್ಲೂ ನಿಲ್ಲಿ, ಪೂರ್ತಿ ಹಿಂದಕ್ಕೆ ತಿರುಗಿ ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯಿರಿ. ಮರಳುವಾಗ ನಿಮಗೆ ಕಾಣುವುದು ಆ ನೋಟವೇ. ಎಲ್ಲಕ್ಕಿಂತ ಮುಖ್ಯವಾದದ್ದು ಕಾಡು ಮುಗಿದು ಹುಲ್ಲು ಶುರುವಾಗುವ ಬಾಯಿ. ಕಾಡಿನೊಳಗಿನಿಂದ ಬರುವಾಗ ಅದು ಬೆಳಕಿನ ಬಾಗಿಲಿನಂತೆ ಎದ್ದು ಕಾಣುತ್ತದೆ. ಮೇಲಿನಿಂದ ನೋಡಿದರೆ ಮರಗಳ ಸಾಲು ಎಲ್ಲೂ ಬಿರುಕಿಲ್ಲದ ಹಸಿರು ಗೋಡೆ, ಹತ್ತು ಹೆಜ್ಜೆ ಹತ್ತಿರ ಬರುವವರೆಗೂ ಬಾಯಿ ಕಾಣುವುದಿಲ್ಲ. ಹೊರಬಂದ ಮೇಲೆ ಐವತ್ತು ಹೆಜ್ಜೆ ನಡೆದು ತಿರುಗಿ. ಬಾಯಿಯ ಪಕ್ಕ ಒಣಗಿದ ಮರವಿದೆಯೇ, ಬಂಡೆಯಿದೆಯೇ, ಗಮನಿಸಿ. ಜೊತೆಗಾರರೊಬ್ಬರನ್ನು ಅಲ್ಲಿಯೇ ನಿಲ್ಲಿಸಿ ಚಿತ್ರ ತೆಗೆದರೆ ಇನ್ನೂ ಒಳ್ಳೆಯದು.

ಇನ್ನೊಂದು ಮೋಸ ಪ್ರಾಣಿಗಳ ಜಾಡಿನದು. ಕಾಟಿ, ಕಡವೆ, ಮೇಯಲು ಬಿಟ್ಟ ದನ ಎಲ್ಲವೂ ಹುಲ್ಲಿನಲ್ಲಿ ಥೇಟ್ ಕಾಲುದಾರಿಯಂಥ ಜಾಡು ಮೂಡಿಸುತ್ತವೆ. ಮನುಷ್ಯರ ದಾರಿ ಸಾಮಾನ್ಯವಾಗಿ ಏಣಿನ ಬೆನ್ನು ಬಿಡುವುದಿಲ್ಲ, ಮಣ್ಣು ಸವೆದು ಅಗಲವಾಗಿರುತ್ತದೆ. ಪ್ರಾಣಿಯ ಜಾಡು ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಸಾಗಿ, ನೀರಿಗೋ ಶೋಲಾದ ನೆರಳಿಗೋ ಹೋಗಿ ಮುಗಿಯುತ್ತದೆ. ಪೊದೆಗಳ ನಡುವೆ ನೆಲ ನುಣ್ಣಗಿದ್ದೂ ಮುಖಕ್ಕೆ ಕೊಂಬೆ ಬಡಿಯತೊಡಗಿದರೆ ಅದು ನಿಮ್ಮ ದಾರಿಯಲ್ಲ, ಅಲ್ಲಿಂದಲೇ ಹಿಂದಕ್ಕೆ ಬನ್ನಿ.

ಗೈಡ್ ಇದ್ದಾರಲ್ಲ ಎನ್ನಬಹುದು. ಇರಲಿ, ಬಿಡದೆ ಅವರ ಜೊತೆಗೇ ಇರಿ. ಆದರೆ ಇಳಿಯುವಾಗ ಗುಂಪು ಅರ್ಧ ಕಿ.ಮೀ. ಉದ್ದಕ್ಕೆ ಚದುರಿ, ಗೈಡ್ ಸುಸ್ತಾದವರ ಜೊತೆ ಹಿಂದೆ ಉಳಿದು, ಚುರುಕುಗಾಲಿನವರು ಮುಂದೆ ಓಡಿ ತಪ್ಪಿಸಿಕೊಳ್ಳುತ್ತಾರೆ. ಕವಲು ಬಂದಲ್ಲೆಲ್ಲ ಮುಂದಿನವರು ನಿಲ್ಲಲೇಬೇಕು. ಮೊಬೈಲಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು, ಹೊರಟ ಕ್ಷಣದಿಂದ ನಡೆದ ಹಾದಿಯನ್ನು ದಾಖಲಿಸುತ್ತ ಹೋಗಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕದಿದ್ದರೆ ಇಲ್ಲದ ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಮುಗಿಯುತ್ತದೆ. ರಸ್ತೆಬದಿಯ ಅಗ್ಗದ ಪವರ್ ಬ್ಯಾಂಕ್ ನಂಬಿ ಹೊರಟವರ ಫೋನು ಮಧ್ಯಾಹ್ನಕ್ಕೇ ಸತ್ತಿರುತ್ತದೆ.

ಮಂಜು ಕವಿದರೆ

ಕುಳಿತುಬಿಡಿ. ಬೇಸಿಗೆಯ ಮುಂಚಿನ ಮಂಜು ಬಹುಮಟ್ಟಿಗೆ ಗಾಳಿಯೊಂದಿಗೆ ಬಂದು ಗಾಳಿಯೊಂದಿಗೆ ಹೋಗುತ್ತದೆ. ಅರ್ಧ ಗಂಟೆ ಕಾದರೆ ಎಲ್ಲೋ ಒಂದು ಕಿಂಡಿ ತೆರೆದೇ ತೆರೆಯುತ್ತದೆ. ತೆರೆಯದಿದ್ದರೆ ದಾಖಲಿಸಿದ ಹಾದಿಯನ್ನೇ ಹಿಡಿದು, ಎಲ್ಲರೂ ಒಬ್ಬರಿಗೊಬ್ಬರು ಕಾಣುವಷ್ಟು ಹತ್ತಿರದಲ್ಲಿ ಇಳಿಯಿರಿ. ನೀರು ಹಿಡಿದು ಹೋದರೆ ಊರು ಸಿಗುತ್ತದೆ ಎಂಬ ಮಾತು ಬಯಲುಸೀಮೆಗೆ ಸರಿ. ಘಟ್ಟದ ಪಶ್ಚಿಮ ಮಗ್ಗುಲಿನಲ್ಲಿ ನೀರು ಹಿಡಿದು ಹೋದರೆ ಜಲಪಾತದ ತಲೆ ಸಿಗುತ್ತದೆ. ಬಲ್ಲಾಳರಾಯನ ದುರ್ಗದ ಹುಲ್ಲುಗಾವಲಿನಲ್ಲಿ ಸಾಧುವಾಗಿ ಹರಿಯುವ ಹಳ್ಳವೇ ಸುಮಾರು 200 ಅಡಿ ಕೆಳಕ್ಕೆ ಬಂಡಾಜೆ ಅರ್ಬಿಯಾಗಿ ಬೀಳುವುದು.

ನೋಟಕ್ಕೆ ನಿಲ್ಲುವುದು

ಅತಿ ಎತ್ತರದ ಕಲ್ಲಿನ ಮೇಲೆ ಸಾಲುಗಟ್ಟುವುದನ್ನು ಬಿಡಿ. ನೆತ್ತಿಗಿಂತ ಸ್ವಲ್ಪ ಕೆಳಗಿನ ಭುಜದಲ್ಲಿ ಕುಳಿತರೆ ಶೋಲಾ, ಹುಲ್ಲು, ಎದುರಿನ ಸಾಲು ಮೂರೂ ಒಟ್ಟಿಗೆ ಕಾಣುತ್ತವೆ, ಗಾಳಿಯೂ ಕಡಿಮೆ. ಪಶ್ಚಿಮದ ಕಡೆ ಬೆಳಿಗ್ಗೆಯೇ ನೋಡಿ, ಸೂರ್ಯ ಬೆನ್ನ ಹಿಂದಿರುವಾಗ. ಅಂಚಿನಿಂದ ಎರಡು ಆಳು ಉದ್ದ ದೂರವಿರಿ: ಬಂಡೆ ಮುಗಿದ ಮೇಲೂ ಹುಲ್ಲು ಮುಂದಕ್ಕೆ ಬಾಗಿ ಬೆಳೆದಿರುತ್ತದೆ, ಕಾಲಿಟ್ಟರೆ ಕೆಳಗೆ ನೆಲವಿರುವುದಿಲ್ಲ.

ಹುಲ್ಲಿನ ಇಳಿಜಾರು

ಹಸಿ ಹುಲ್ಲು ಜಾರುತ್ತದೆ ಎಂದು ಎಲ್ಲರಿಗೂ ಗೊತ್ತು. ಜನವರಿಯ ಒಣ ಹುಲ್ಲು ಅದಕ್ಕಿಂತ ಹೆಚ್ಚು ಜಾರುತ್ತದೆ, ಇಳಿಜಾರಿನತ್ತಲೇ ಮಲಗಿರುತ್ತದಾದ್ದರಿಂದ. ಪಾದವನ್ನು ಸ್ವಲ್ಪ ಅಡ್ಡಲಾಗಿ ಇಟ್ಟು, ಮೊಣಕಾಲು ಸಡಿಲಿಸಿ, ಹಿಮ್ಮಡಿ ಊರಿ, ಚಿಕ್ಕ ಹೆಜ್ಜೆಯಲ್ಲಿ ಇಳಿಯಿರಿ. ತಿರುವುಗಳನ್ನು ಕತ್ತರಿಸಿ ನೇರವಾಗಿ ಇಳಿಯುವ ಅಡ್ಡದಾರಿಗಳಿವೆ. ಮಳೆಗಾಲದಲ್ಲಿ ಅವೇ ಕೊರಕಲಾಗಿ ಬೆಟ್ಟದ ಮಣ್ಣು ಹೊತ್ತೊಯ್ಯುತ್ತವೆ. ಆ ಕಡೆ ತಿರುಗಬೇಡಿ.

ಮನೆಗೆ ಬಂದ ಮೇಲೆ

ಉಂಬಳಕ್ಕೆ ಹೆದರಿ ಚೀಲದ ತುಂಬ ಉಪ್ಪು ಹೊರುವವರು ರಕ್ತ ಹೀರುವ ಉಣ್ಣೆ ಹುಳುವನ್ನು (ಉಣುಗು) ಮರೆಯುತ್ತಾರೆ. ಉಂಬಳ ಸ್ವಲ್ಪ ರಕ್ತ ಕುಡಿದು ತಾನೇ ಬೀಳುತ್ತದೆ. ಉಣ್ಣೆಯಿಂದ ಮಂಗನ ಕಾಯಿಲೆ ಬರಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಹೆಚ್ಚಾಗಿ ಕಾಣಿಸುವುದು ಡಿಸೆಂಬರ್‌ನಿಂದ ಮೇ ತನಕ, ಅಂದರೆ ನಿಮ್ಮ ಚಾರಣದ ಕಾಲಕ್ಕೂ ಅದು ತಾಗುತ್ತದೆ. ಕಾಡಿನಲ್ಲಿ ತರಗೆಲೆಯ ಮೇಲೆ ಕೂರಬೇಡಿ. ಮರಳಿದ ದಿನವೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೀಯುತ್ತ ಕಂಕುಳು, ತೊಡೆಸಂದು, ಮೊಣಕಾಲ ಹಿಂಭಾಗ, ಕಿವಿಯ ಹಿಂದೆ ಬೆರಳಾಡಿಸಿ ಹುಡುಕಿ. ಎರಡು ವಾರದೊಳಗೆ ತಲೆನೋವಿನೊಂದಿಗೆ ಜ್ವರ ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದ್ದು ಯಾವ ಕಾಡಿಗೆ, ಯಾವ ದಿನ ಹೋಗಿದ್ದಿರಿ ಎಂಬುದನ್ನು.